ಸಪ್ಪೆರೋಗ, ಕ್ಷಯ ಮತ್ತು ಒಂದು ಕ್ವಾರ್ಟರ್

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೇಷ್ಮೆ ಬೆಳೆಗಾರರಿಗೆ ಸೋಂಕಿನ ಪಾಠವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹುಳು ಮನೆಯ ಹೊಸಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿಚೀಲ ಬಿದ್ದಿರುತ್ತದೆ. ಪಾದ ಒರೆಸದೆ ಒಳಗೆ ಹೋಗುವಂತಿಲ್ಲ. ಒಂದು ಬೆಳೆ ಎದ್ದ ಮೇಲೆ ತಟ್ಟೆ, ಚಂದ್ರಿಕೆ, ಗೋಡೆ, ನೆಲ ಎಲ್ಲವನ್ನೂ ತೊಳೆದು ಔಷಧಿ ಹೊಡೆಯದೆ ಮುಂದಿನ ಚಾಕಿ ತರುವುದಿಲ್ಲ. ಹಾಲುತೊಂಡೆಯೋ ಸುಣ್ಣಕಟ್ಟು ರೋಗವೋ ತಗುಲಿದ ಹುಳುಗಳನ್ನು ಆರಿಸಿ ತೆಗೆದು ದೂರದಲ್ಲಿ ಹೂಳುತ್ತಾರೆ. ಇವುಗಳ ಜೊತೆಗೆ ಇನ್ನೊಂದು ಕಟ್ಟಳೆಯೂ ಇದೆ. ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಬಾರದು, ಬೀಡಿ ಹಚ್ಚಿಕೊಂಡು ಹುಳು ಮನೆಗೆ ಬರಬಾರದು. ಇದರಲ್ಲಿ ಮಡಿ ಮೈಲಿಗೆಯ ಪ್ರಶ್ನೆ ಏನೂ ಇಲ್ಲ. ನಿಕೋಟಿನ್ ಎಂಬುದು ತನ್ನನ್ನು ತಿನ್ನಲು ಬರುವ ಕೀಟಗಳ ವಿರುದ್ಧ ತಂಬಾಕಿನ ಗಿಡ ತಯಾರಿಸಿಕೊಂಡ ವಿಷ. ಅದರ ಲವಲೇಶ ಸೊಪ್ಪಿಗೆ ಅಂಟಿದರೂ ಹುಳು ಮೇವು ಬಿಡುತ್ತದೆ, ತಲೆ ಆಡಿಸುತ್ತದೆ, ಕಕ್ಕುತ್ತದೆ, ಸಾಯುತ್ತದೆ.

ಬೀಡಿಯನ್ನು ಹೊರಗೆ ಹೊಸಕಿ ಕೈ ತೊಳೆದು ಒಳಗೆ ಹೋದ ಅದೇ ಯಜಮಾನ ಸಂಜೆ ಪಡಸಾಲೆಯಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇನ್ನೊಂದನ್ನು ಹಚ್ಚುತ್ತಾರೆ. ಹುಳುವಿನ ವಿಚಾರದಲ್ಲಿ ಸೋಂಕೂ ಚಟವೂ ಒಂದೇ ಲೆಕ್ಕದ ಪುಸ್ತಕದಲ್ಲಿವೆ. ಮನುಷ್ಯನ ವಿಚಾರಕ್ಕೆ ಬಂದಾಗ ಮಾತ್ರ ನಾವು ಎರಡು ಪುಸ್ತಕ ಇಟ್ಟಿದ್ದೇವೆ: ಕ್ರಿಮಿಯಿಂದ ಬಂದದ್ದು ಕಾಯಿಲೆ, ಕುಡಿತದಿಂದ ಬಂದದ್ದು ಅವನ ಹಣೆಬರಹ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಬಲ್ಲ ವೈದ್ಯರು ಜಗತ್ತಿನಲ್ಲಿಯೇ ಕಡಿಮೆ. ಅಂಥವರ ಅಗತ್ಯ ಏಕೆ ಎಂಬುದನ್ನು ಅರಿಯಲು ರೇಷ್ಮೆ ಸೀಮೆ ಒಳ್ಳೆಯ ಜಾಗ.

1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಅಲೆಸ್ ಎಂಬ ಊರಿಗೆ ಬಂದಾಗ ಅವರಿಗೆ ರೇಷ್ಮೆ ಹುಳುವಿನ ಗಂಧಗಾಳಿಯೂ ಇರಲಿಲ್ಲ. ಅಲ್ಲಿನ ಹುಳುಗಳು ಬೆಳೆ ಬೆಳೆಯೇ ಸಾಯುತ್ತಿದ್ದವು. ಐದು ವರ್ಷ ಅಲ್ಲಿ ದುಡಿದ ಪಾಶ್ಚರ್, ಒಂದೇ ಎಂದು ತಾವು ಭಾವಿಸಿದ್ದ ರೋಗ ವಾಸ್ತವದಲ್ಲಿ ಎರಡು ಎಂಬುದನ್ನು ಕಂಡುಕೊಂಡರು. ಒಂದು ಪೆಬ್ರಿನ್, ನಮ್ಮವರು ಗಂಟುರೋಗ ಎನ್ನುವುದು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವ ಈ ರೋಗಕ್ಕೆ ಒಂದು ಪರೋಪಜೀವಿ ಕಾರಣ. ಅದು ಹೊಕ್ಕರೆ ಸಾಕು, ಹುಳು ಎಷ್ಟೇ ಗಟ್ಟಿಯಿರಲಿ ಬೆಳೆ ಹಾಳು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕೆಂದು ಪಾಶ್ಚರ್ ಹೇಳಿಕೊಟ್ಟ ಉಪಾಯವೇ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆದಿದೆ. ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದ ಮಾಗಡಿ, ಕುಣಿಗಲ್ ಕಡೆಯವರಿಗೆ ಇದು ಹೊಸ ವಿಷಯವಲ್ಲ.

ಎರಡನೆಯದು ಸಪ್ಪೆರೋಗ. ಇದರ ನಡವಳಿಕೆ ಬೇರೆ. ಸತ್ತ ಹುಳುವಿನ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಧಾರಾಳವಾಗಿ ಕಂಡರೂ ಅವೇ ಬ್ಯಾಕ್ಟೀರಿಯಾಗಳು ಆರೋಗ್ಯವಂತ ಹುಳುಗಳ ಸುತ್ತಲೂ ಇದ್ದವು. ಸೊಪ್ಪು ಒದ್ದೆಯಾಗಿ ಬೆವೆತಿದ್ದರೆ, ತಟ್ಟೆಯಲ್ಲಿ ಹುಳು ಒತ್ತೊತ್ತಾಗಿದ್ದರೆ, ಗಾಳಿಯಾಡದೆ ಸೆಕೆ ಹೆಚ್ಚಿದರೆ ಅದೇ ಬ್ಯಾಕ್ಟೀರಿಯಾ ಮಾರಿಯಾಗುತ್ತಿತ್ತು. ರೋಗಾಣುವಿನ ಜೊತೆ ಹುಳುವಿನ ಮೈಸ್ಥಿತಿಯನ್ನೂ ನೋಡಬೇಕೆಂದು ಪಾಶ್ಚರ್ ಬರೆದರು. ಕ್ರಿಮಿಸಿದ್ಧಾಂತದ ಪಿತಾಮಹ ಎಂದು ನಾವು ಶಾಲೆಯಲ್ಲಿ ಓದುವ ಮನುಷ್ಯ ಕ್ರಿಮಿಯೊಂದೇ ಸಾಲದು ಎಂಬುದನ್ನೂ ರೇಷ್ಮೆ ಹುಳುವಿನಿಂದಲೇ ಕಲಿತರು. ಪಠ್ಯಪುಸ್ತಕಗಳು ಮೊದಲರ್ಧವನ್ನಷ್ಟೇ ಉಳಿಸಿಕೊಂಡವು.

ಮನುಷ್ಯರಿಗೆ ಬರುವ ಕ್ಷಯ ಬಹುಮಟ್ಟಿಗೆ ಈ ಎರಡನೇ ಜಾತಿಯದು. 1882ರಲ್ಲಿ ರಾಬರ್ಟ್ ಕಾಖ್ ಗುರುತಿಸಿದ ಕ್ಷಯದ ಬ್ಯಾಕ್ಟೀರಿಯಾ ಜಗತ್ತಿನ ಸುಮಾರು ಕಾಲುಭಾಗ ಜನರ ಮೈಯಲ್ಲಿ ಸುಮ್ಮನೆ ಕುಳಿತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡುತ್ತದೆ. ಅವರಲ್ಲಿ ಜೀವಮಾನದಲ್ಲಿ ಕ್ಷಯದ ಕಾಯಿಲೆಗೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ. ಉಳಿದವರಲ್ಲಿ ಆ ಬ್ಯಾಕ್ಟೀರಿಯಾ ಕಾವಲಿನಲ್ಲಿದ್ದೇ ಕಾಲ ಕಳೆಯುತ್ತದೆ. ಹಾಗಿದ್ದರೆ ಕಾವಲು ಮುರಿಯುವುದು ಯಾರಲ್ಲಿ?

ಇದಕ್ಕೆ ಸಂಬಂಧಪಟ್ಟ ಬಹು ಮುಖ್ಯವಾದ ಅಧ್ಯಯನವೊಂದು ನಮ್ಮ ಮಗ್ಗುಲಲ್ಲೇ ನಡೆಯಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ಮತ್ತೆ ಮತ್ತೆ ಸುತ್ತಿ ಜನರ ಕಫ, ಎದೆಯ ಚಿತ್ರ ಪರೀಕ್ಷಿಸಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳೂ ಆಗ ಅದೇ ದೊಡ್ಡ ಜಿಲ್ಲೆಗೆ ಸೇರಿದ್ದವು. ಮುಂದೆ ಬೆಂಗಳೂರು ಗ್ರಾಮಾಂತರವಾಗಿ, 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದದ್ದು ಬೇರೆ ಕಥೆ. ಔಷಧದ ವ್ಯವಸ್ಥೆ ಹಳ್ಳಿಗಳನ್ನು ಇನ್ನೂ ಮುಟ್ಟಿರದ ಕಾಲವದು. ಕಫದಲ್ಲಿ ಬ್ಯಾಕ್ಟೀರಿಯಾ ಇದ್ದವರಲ್ಲಿ ಐದು ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ 49 ಮಂದಿ ಸತ್ತಿದ್ದರು, 18 ಮಂದಿ ಇನ್ನೂ ಕಫದಲ್ಲಿ ಬ್ಯಾಕ್ಟೀರಿಯಾ ಉಗುಳುತ್ತಿದ್ದರು, ಸುಮಾರು 33 ಮಂದಿ ತಾವಾಗಿಯೇ ಗುಣವಾಗಿದ್ದರು. (ಹೀಗೆ ಸುಮ್ಮನೆ ನೋಡುತ್ತ ಕೂರುವ ಅಧ್ಯಯನಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು.) ಬ್ಯಾಕ್ಟೀರಿಯಾ ಒಂದೇ, ನೆಲವೂ ಒಂದೇ, ಕೊನೆ ಮಾತ್ರ ಮೂರು ಬಗೆ.

ಮೈಸ್ಥಿತಿಯ ಪಾಲು ಎಷ್ಟು ಎಂಬುದಕ್ಕೆ ಇತ್ತೀಚಿನ ದೊಡ್ಡ ಪುರಾವೆ ಕೂಡ ಕರ್ನಾಟಕದ ವೈದ್ಯರದೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆಯ ಪೊಟ್ಟಣ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹಿಡಿಯುವುದು ಸುಮಾರು ಶೇಕಡ 40ರಷ್ಟು ತಗ್ಗಿತು. 2023ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಜಗತ್ತಿನ ಕ್ಷಯತಜ್ಞರು ಹುಬ್ಬೇರಿಸಿದರು. ಹಸಿವಿಗೆ ಔಷಧ ಅನ್ನ ಎಂಬುದು ಸರಿ, ಕುಡಿತಕ್ಕೆ ಏನು?

ಅದಕ್ಕೆ ಮೊದಲು ಶ್ವಾಸಕೋಶದ ಒಳಕ್ಕೆ ಹೋಗಬೇಕು. ಗಾಳಿಚೀಲಗಳ ಗೋಡೆಯ ಮೇಲೆ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಓಡಾಡಿಕೊಂಡಿರುತ್ತವೆ. ಉಸಿರಿನೊಂದಿಗೆ ಬಂದ ಧೂಳು, ಬ್ಯಾಕ್ಟೀರಿಯಾ ಎಲ್ಲವನ್ನೂ ನುಂಗಿ ಹಾಕುವುದು ಇವುಗಳ ಕೆಲಸ. ಕ್ಷಯದ ಬ್ಯಾಕ್ಟೀರಿಯಾವನ್ನೂ ಮೊದಲು ನುಂಗುವುದು ಇವೇ. ನುಂಗಿದ್ದನ್ನು ಆಮ್ಲದ ಚೀಲದಲ್ಲಿ ಕೊಲ್ಲಬೇಕು, ಕೊಲ್ಲಲಾಗದಿದ್ದರೆ ಉಳಿದ ರಕ್ಷಣಾ ಕೋಶಗಳನ್ನು ಕರೆದು ಸುತ್ತ ಗಂಟು ಕಟ್ಟಿಸಿ ಬಂಧಿಸಬೇಕು. ಎರಡಕ್ಕೂ ಮ್ಯಾಕ್ರೋಫೇಜ್ ಚುರುಕಾಗಿರಬೇಕು.

ಈಗ ಈ ಸೀಮೆಯ ಕಸುಬುಗಳನ್ನು ಆ ಒಂದು ಕೋಶದ ಕಡೆಯಿಂದ ನೋಡಿ. ಕನಕಪುರ, ಮಾಗಡಿ ಕಡೆಯ ಕಲ್ಲು ಕ್ವಾರಿಗಳಲ್ಲಿ ಗ್ರಾನೈಟ್ ಕೊರೆಯುವವರ ಎದೆಗೆ ಹೋಗುವ ಸಿಲಿಕಾ ಧೂಳನ್ನು ಮ್ಯಾಕ್ರೋಫೇಜ್ ನುಂಗುತ್ತದೆ, ಅರಗಿಸಲಾರದೆ ಒಡೆದು ಸಾಯುತ್ತದೆ; ಹೊರಬಿದ್ದ ಹರಳನ್ನು ಇನ್ನೊಂದು ನುಂಗಿ ಸಾಯುತ್ತದೆ. ಸಿಲಿಕೋಸಿಸ್ ಇದ್ದವರಲ್ಲಿ ಕ್ಷಯ ಹಲವು ಪಟ್ಟು ಹೆಚ್ಚಾಗುವುದು ಇದರಿಂದಲೇ. ಬೀಡಿ ಸಿಗರೇಟಿನ ಹೊಗೆ ಶ್ವಾಸನಾಳದ ರೋಮಗಳನ್ನು ಮಂಕುಮಾಡಿ ಈ ಕೋಶಗಳಿಗೆ ಟಾರಿನ ಹೊರೆ ಹೊರಿಸುತ್ತದೆ. ಕ್ಷಯದ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಇವೆಲ್ಲದರ ಮೇಲೆ ಬರುವುದು ಸಂಜೆಯ ಎಣ್ಣೆ. ಮದ್ಯವನ್ನು ಒಡೆಯುವ ಕೆಲಸ ಯಕೃತ್ತಿನದು ಎಂದು ನಾವು ಓದಿದ್ದೇವೆ, ಆದರೆ ಅದರ ಹಾನಿ ಯಕೃತ್ತಿಗೆ ನಿಲ್ಲುವುದಿಲ್ಲ. ದಿನವೂ ಕುಡಿಯುವವರ ಗಾಳಿಚೀಲದ ತೇವದಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಪಾತಾಳಕ್ಕೆ ಇಳಿದಿರುತ್ತದೆ. ಅದಿಲ್ಲದ ಮ್ಯಾಕ್ರೋಫೇಜ್ ನುಂಗುವುದನ್ನೂ ಕೊಲ್ಲುವುದನ್ನೂ ಮರೆತಂತಾಗುತ್ತದೆ. ಕೆಮ್ಮಿನ ಪ್ರತಿಕ್ರಿಯೆ ಮಂದವಾಗಿ, ಮೈಮರೆತು ಮಲಗಿದವನ ಬಾಯಿಯ ದ್ರವ ಎದೆಗೆ ಜಾರುತ್ತದೆ. ನ್ಯುಮೋನಿಯಾ ಬರಲು ಇಷ್ಟು ಸಾಕು. ಊಟ ಬಿಟ್ಟ ಹೊಟ್ಟೆ ಬೇರೆ.

ಎಷ್ಟು ಕುಡಿದರೆ ಅಪಾಯ? ದಿನಕ್ಕೆ 40 ಗ್ರಾಂಗಿಂತ ಹೆಚ್ಚು ಆಲ್ಕೊಹಾಲ್ ಕುಡಿಯುವವರಿಗೆ ಅಥವಾ ಕುಡಿತದ ಕಾಯಿಲೆ ಇರುವವರಿಗೆ ಕ್ಷಯದ ಅಪಾಯ ಸುಮಾರು ಮೂರು ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ವಿಶ್ಲೇಷಣೆ ಹೇಳಿತು. ಗ್ರಾಂ ಲೆಕ್ಕ ಯಾರಿಗೂ ಅರ್ಥವಾಗುವುದಿಲ್ಲ. ವೈನ್ ಸ್ಟೋರಿನ ಲೆಕ್ಕ ನೋಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನ ಮೇಲೆ ಶೇಕಡ 42.8 ಎಂದು ಬರೆದಿರುತ್ತದೆ. ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ ಆಲ್ಕೊಹಾಲ್ ಇದೆ. ಒಂದು ಕ್ವಾರ್ಟರ್ ಎಂದರೆ 60 ಗ್ರಾಂ. ದಿನಾ ಒಂದು ಕ್ವಾರ್ಟರ್ ಹಾಕಿ ಸುಮ್ಮನೆ ಮಲಗುತ್ತಾನೆ, ಗಲಾಟೆ ಇಲ್ಲ, ಒಳ್ಳೆಯವನು ಎಂದು ಮನೆಯವರು ಹೇಳುವ ಮನುಷ್ಯ ಆ ಗೆರೆಯನ್ನು ಎಂದೋ ದಾಟಿರುತ್ತಾನೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿಯುವವರು ಕಡಿಮೆ ಬೆಲೆಯ ವಿಸ್ಕಿಯ ಪೊಟ್ಟಣಕ್ಕೆ ದಾಟಿದರು. ಬಾಟಲಿಯ ಹೆಸರು ಬದಲಾದರೆ ಮ್ಯಾಕ್ರೋಫೇಜಿಗೆ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಕ್ಷಯಕ್ಕೆ ಬಿದ್ದವರಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿಯ ಕಾಯಿಲೆಗೆ ಕುಡಿತದ ಪಾಲಿತ್ತು.

ಇಲ್ಲಿಯವರೆಗಿನದು ಕಾಯಿಲೆ ಬರುವ ಮಾತು. ನಿಜವಾದ ತೊಡಕು ಆಸ್ಪತ್ರೆಗೆ ಸೇರಿದ ಮೇಲೆ ಶುರುವಾಗುತ್ತದೆ.

ಜ್ವರ, ಕೆಮ್ಮು, ಎದೆನೋವು ಎಂದು ಒಬ್ಬರನ್ನು ಸೇರಿಸುತ್ತಾರೆ. ನ್ಯುಮೋನಿಯಾ ಎಂದು ಆಂಟಿಬಯೋಟಿಕ್ ಶುರುವಾಗುತ್ತದೆ. ಕುಡಿತದ ವಿಚಾರ ಯಾರೂ ಕೇಳುವುದಿಲ್ಲ, ಕೇಳಿದರೂ "ಹಬ್ಬ ಹರಿದಿನಕ್ಕೆ ಅಷ್ಟೇ ಸಾರ್" ಎಂಬ ಉತ್ತರ ಬರುತ್ತದೆ. ಮೊದಲ ದಿನ ಕೈ ನಡುಗುತ್ತದೆ. ಜ್ವರದ ನಡುಕ ಎಂದುಕೊಳ್ಳುತ್ತಾರೆ. ಎರಡನೇ ದಿನ ಫಿಟ್ಸ್ ಬರಬಹುದು. ಮೂರನೇ ರಾತ್ರಿ ಜ್ವರ ಇಳಿಯುತ್ತ ಬಂದಿರುವಾಗಲೇ ರೋಗಿ ಬೇರೆಯೇ ಮನುಷ್ಯನಾಗುತ್ತಾನೆ. ಮೈಯೆಲ್ಲ ಬೆವರು, ನಾಡಿ ಓಡುತ್ತಿದೆ, ಡ್ರಿಪ್ಪಿನ ಸೂಜಿ ಕಿತ್ತಿದ್ದಾನೆ, ಗೋಡೆಯ ಮೇಲೆ ಹಾವು ಚೇಳು ಹರಿಯುತ್ತಿವೆ ಎನ್ನುತ್ತಾನೆ, ಹೊದಿಕೆಯಿಂದ ಇಲ್ಲದ ಹುಳುಗಳನ್ನು ಆರಿಸುತ್ತಾನೆ. ಕೆಲವರು ತಾವು ಜೀವಮಾನವಿಡೀ ಮಾಡಿದ ಕಸುಬನ್ನೇ ಗಾಳಿಯಲ್ಲಿ ಮಾಡುತ್ತಾರೆ ಎಂಬುದು ವೈದ್ಯರು ಹಿಂದಿನಿಂದಲೂ ಗಮನಿಸಿರುವ ಸಂಗತಿ: ದರ್ಜಿ ಸೂಜಿಗೆ ದಾರ ಪೋಣಿಸುತ್ತಾನೆ, ಚಾಲಕ ಗೇರು ಬದಲಿಸುತ್ತಾನೆ. ರೇಷ್ಮೆ ಬಿಚ್ಚುವ ಕೈಯಾದರೆ ಬೆರಳ ತುದಿಯಲ್ಲಿ ಕುದಿನೀರಿನ ಗೂಡಿನಿಂದ ಎಳೆ ಹುಡುಕಬಹುದು. ಮನೆಯವರಿಗೆ ಇದು ಗಾಳಿ ಮೆಟ್ಟಿಕೊಂಡಂತೆ, ವಾರ್ಡಿನವರಿಗೆ ಜ್ವರ ತಲೆಗೇರಿದಂತೆ ಕಾಣುತ್ತದೆ. ಕೈಕಾಲು ಮಂಚಕ್ಕೆ ಕಟ್ಟುತ್ತಾರೆ. ಡೆಲಿರಿಯಂ ಟ್ರೆಮೆನ್ಸ್ ಎಂಬ ಈ ಸ್ಥಿತಿ ಪ್ರಾಣ ತೆಗೆಯಬಲ್ಲದು.

ಕಾರಣ ಮಿದುಳಿನ ಲೆಕ್ಕಾಚಾರದಲ್ಲಿದೆ. ಮಿದುಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಮದ್ಯ ಹೆಚ್ಚಿಸುತ್ತದೆ, ಕೆರಳಿಸುವ ಗ್ಲುಟಮೇಟಿನ ಕೆಲಸವನ್ನು ತಡೆಯುತ್ತದೆ. ವರ್ಷಾನುಗಟ್ಟಲೆ ಹೀಗಾದಾಗ ಮಿದುಳು ಸುಮ್ಮನಿರುವುದಿಲ್ಲ. ತಣಿಸುವ ತಾಣಗಳನ್ನು ತಗ್ಗಿಸಿ ಕೆರಳಿಸುವ ತಾಣಗಳನ್ನು ಹೆಚ್ಚಿಸಿಕೊಂಡು ಸಮತೋಲ ಕಾಯುತ್ತದೆ. ಆಸ್ಪತ್ರೆ ಸೇರಿದ ದಿನ ಮದ್ಯ ತಟ್ಟನೆ ನಿಂತರೆ ಹೆಚ್ಚಿಸಿಕೊಂಡ ಕೆರಳಿಕೆಯಷ್ಟೇ ಉಳಿಯುತ್ತದೆ. ಇದು ಕುಡಿತದ ವಿಷವಲ್ಲ, ಕುಡಿತ ನಿಂತದ್ದರ ಪರಿಣಾಮ ಎಂಬುದು ಸಿದ್ಧವಾದದ್ದು 1955ರಲ್ಲಿ. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಎಂಬ ವೈದ್ಯರು ಅಲ್ಲಿ ಬಂಧಿಗಳಾಗಿದ್ದ ಮಾದಕ ವ್ಯಸನಿಗಳಿಗೆ ವಾರಗಟ್ಟಲೆ ಕುಡಿಸಿ, ಚೆನ್ನಾಗಿ ಊಟವನ್ನೂ ಕೊಟ್ಟು, ಒಮ್ಮೆಲೇ ನಿಲ್ಲಿಸಿ ನೋಡಿದರು. ಅರಿವು ಬಂತು, ಬಂದ ದಾರಿ ಹೇಸಿಗೆಯದು. ಚಿಕಿತ್ಸೆ ಮಾತ್ರ ಸರಳ: ಲೋರಾಜೆಪಾಮ್ ಅಥವಾ ಡೈಯಜೆಪಾಮ್ ಜಾತಿಯ ಮಾತ್ರೆಯನ್ನು ಮೊದಲ ದಿನವೇ ಶುರುಮಾಡಿ ನಿಧಾನ ಇಳಿಸುವುದು.

ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ನಮ್ಮ ಕಡೆ ಸುಸ್ತು ಎಂದರೆ ಸಾಕು, "ಒಂದು ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ" ಎಂಬ ಬೇಡಿಕೆ ಬರುತ್ತದೆ. ಗ್ಲೂಕೋಸ್ ಉರಿಸಲು ಮಿದುಳಿಗೆ ಬಿ1 ಬೇಕು. ರಾಗಿಯ ನಾಡಿನಲ್ಲಿ ಬಿ1ಗೆ ಬರವಿಲ್ಲ, ಆದರೆ ರಾತ್ರಿ ಮುದ್ದೆಯ ಬದಲು ನೈಂಟಿ ಕುಡಿದು ಮಲಗುವವರಲ್ಲಿ ಇರುವ ಚೂರುಪಾರು ಸಂಗ್ರಹವನ್ನು ಆ ಡ್ರಿಪ್ ಬಳಿದುಹಾಕಬಲ್ಲದು. ಕಣ್ಣುಗುಡ್ಡೆ ಸರಿಯಾಗಿ ತಿರುಗುವುದಿಲ್ಲ, ನಡಿಗೆ ತಪ್ಪುತ್ತದೆ, ಗೊಂದಲವಾಗುತ್ತದೆ. 1881ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ ಈ ಸ್ಥಿತಿ ಕೈಮೀರಿದರೆ ಹೊಸ ನೆನಪು ಕೂಡಿಡುವ ಶಕ್ತಿಯೇ ಹೋಗುತ್ತದೆ. ತಡೆಯಲು ಬೇಕಾದದ್ದು ಗ್ಲೂಕೋಸಿಗೆ ಮೊದಲೋ ಅದರ ಜೊತೆಗೋ ಒಂದು ಅಗ್ಗದ ಇಂಜೆಕ್ಷನ್.

ಕ್ಷಯದ ಮಾತ್ರೆಗಳದು ಇನ್ನೊಂದು ಜಟಿಲತೆ. ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಯಕೃತ್ತಿಗೆ ಭಾರ. ಕುಡಿಯುವವರ ಯಕೃತ್ತು ಮೊದಲೇ ದಣಿದಿರುತ್ತದೆ. ಕಾಮಾಲೆ ಬಂದರೆ ಮಾತ್ರೆ ನಿಲ್ಲಿಸಬೇಕು, ನಿಲ್ಲಿಸಿದರೆ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದ ಜಾತಿಯಾಗುವ ಭಯ. ಇದರ ನಡುವೆ ಹೆಂಡತಿಯೋ ತಾಯಿಯೋ "ಕುಡಿತ ಬಿಡಿಸುವ ಪುಡಿ" ತಂದು ಅವನಿಗೆ ತಿಳಿಯದಂತೆ ಸಾರಿಗೆ ಬೆರೆಸುವುದುಂಟು. ಅಂಥ ಕೆಲವು ಪುಡಿಗಳಲ್ಲಿರುವುದು ಡೈಸಲ್ಫಿರಾಂ. ಅದನ್ನು ನುಂಗಿದವನು ಕುಡಿದರೆ ಮದ್ಯ ಅರ್ಧ ದಾರಿಯಲ್ಲಿ ವಿಷವಾಗಿ ನಿಂತು ಮುಖ ಕೆಂಪೇರುತ್ತದೆ, ವಾಂತಿ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿ ನುಂಗುವವನಿಗೆ ಇದು ಒಳ್ಳೆಯ ಔಷಧ. ತಿಳಿಯದೆ ನುಂಗಿದವನಿಗೆ ಪ್ರಾಣಕ್ಕೆ ಸಂಚಕಾರ. ಐಸೋನಿಯಜಿಡ್ ಜೊತೆ ಸೇರಿದರೆ ಅದು ನಡಿಗೆಯನ್ನೂ ಮನಸ್ಸನ್ನೂ ಕೆಡಿಸಬಲ್ಲದು. ಡೈಸಲ್ಫಿರಾಮಿನ ಹುಟ್ಟು ಕೂಡ ಸೋಂಕಿನ ಬಾಗಿಲಲ್ಲೇ ಆಯಿತು: 1940ರ ದಶಕದಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೋಬ್ಸನ್ ಅದನ್ನು ಹೊಟ್ಟೆಹುಳುವಿನ ಔಷಧವೆಂದು ತಾವೇ ನುಂಗಿ ಪರೀಕ್ಷಿಸುತ್ತಿದ್ದಾಗ, ಸ್ವಲ್ಪ ಕುಡಿದು ಮೈಕೈ ಬಿಸಿಯಾಗಿ ಒದ್ದಾಡಿ ಅದರ ಗುಣ ತಿಳಿದುಕೊಂಡರು.

ಇನ್ನೂ ಸೂಕ್ಷ್ಮವಾದದ್ದು ರಿಫಾಂಪಿಸಿನ್. ಅದು ಯಕೃತ್ತಿನ ಕಿಣ್ವಗಳನ್ನು ಎಬ್ಬಿಸಿ ಉಳಿದ ಹಲವು ಔಷಧಗಳನ್ನು ಬೇಗ ಹೊರದೂಡಿಸುತ್ತದೆ. ಹೆರಾಯಿನ್ ಬಿಡಲು ಮೆಥಡೋನ್ ತೆಗೆದುಕೊಳ್ಳುತ್ತಿದ್ದವರಿಗೆ ಕ್ಷಯಕ್ಕೆಂದು ರಿಫಾಂಪಿಸಿನ್ ಕೊಟ್ಟರೆ ಮೆಥಡೋನ್ ರಕ್ತದಿಂದ ಇಳಿದುಹೋಗಿ ಮತ್ತೆ ಚಟ ಬಿಟ್ಟಾಗಿನ ಸಂಕಟ ಶುರುವಾಗುತ್ತದೆ ಎಂದು 1976ರಲ್ಲೇ ವರದಿಯಾಗಿತ್ತು. ನಮ್ಮಲ್ಲಿ ಅದೇ ಕೆಲಸಕ್ಕೆ ಬಳಸುವ ಬುಪ್ರೆನಾರ್ಫಿನ್‌ಗೂ ಈ ಮಾತು ಅನ್ವಯಿಸುತ್ತದೆ. ರೋಗಿಯ ಕಣ್ಣಿನಿಂದ ನೋಡಿ: ಟಿ.ಬಿ. ಮಾತ್ರೆ ಶುರುವಾದ ಮೇಲೇ ಮೈಕೈ ನೋವು, ನಿದ್ದೆಯಿಲ್ಲ, ಭೇದಿ. ಅವನು ಬಿಡುವುದು ಟಿ.ಬಿ. ಮಾತ್ರೆಯನ್ನೇ. ಕ್ಷಯ ವಿಭಾಗ ಅವನನ್ನು ಹೇಳಿದ ಮಾತು ಕೇಳದವನು ಎಂದು ಬರೆದುಕೊಳ್ಳುತ್ತದೆ, ವ್ಯಸನ ವಿಭಾಗ ಮತ್ತೆ ಚಟಕ್ಕೆ ಬಿದ್ದ ಎಂದು ಬರೆದುಕೊಳ್ಳುತ್ತದೆ. ಎರಡೂ ಔಷಧಗಳ ನಡುವಿನ ಜಗಳ ಯಾರ ಪುಸ್ತಕದಲ್ಲೂ ಇಲ್ಲ.

ಸೂಜಿಯ ಚಟ ಪಂಜಾಬ್, ಮಣಿಪುರದ ಮಾತು, ನಮಗೇಕೆ ಎನ್ನುವವರಿಗೆ ಒಂದು ಸಂಗತಿ. ಟಪೆಂಟಡಾಲ್ ಎಂಬ ನೋವಿನ ಮಾತ್ರೆಯ ವ್ಯಸನಕ್ಕೆ ಬಿದ್ದವರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2020ರಲ್ಲೇ ಬರೆದರು. ಈ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುವುದೂ ಉಂಟು. ರಾಮನಗರ ಬೆಂಗಳೂರಿನಿಂದ 50 ಕಿಲೋಮೀಟರ್. ಹಂಚಿಕೊಂಡ ಸೂಜಿಯಲ್ಲಿ ಹೆಪಟೈಟಿಸ್ ಸಿ, ಎಚ್‌ಐವಿ ಸಂಚರಿಸುತ್ತವೆ, ಹೃದಯದ ಕವಾಟಕ್ಕೆ ಬ್ಯಾಕ್ಟೀರಿಯಾ ಸೇರುತ್ತದೆ. ಸಣ್ಣ ಊರಿನಲ್ಲಿ ಇದು ಎಷ್ಟು ವೇಗವಾಗಿ ಹಬ್ಬಬಹುದು ಎಂಬುದನ್ನು ಅಮೆರಿಕದ ಇಂಡಿಯಾನಾ ರಾಜ್ಯದ ಆಸ್ಟಿನ್ 2015ರಲ್ಲಿ ತೋರಿಸಿತು. ಸುಮಾರು 4,200 ಜನರ ಊರು, ಒಬ್ಬರೇ ಡಾಕ್ಟರು, ವಿಲಿಯಂ ಕುಕ್. ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರಲ್ಲಿ ಒಂದೇ ವರ್ಷದಲ್ಲಿ ಎಚ್‌ಐವಿ ಸೋಂಕಿತರು 180 ದಾಟಿದರು. ಸೋಂಕುರೋಗ ತಜ್ಞರು ಅಲ್ಲಿಗೆ ಬಂದು ಎಚ್‌ಐವಿ ಮಾತ್ರೆ ಕೊಟ್ಟರೆ ಮಾತ್ರ ಸಾಲದು, ವ್ಯಸನಕ್ಕೆ ಔಷಧವನ್ನೂ ಹೊಸ ಸೂಜಿಯನ್ನೂ ಅದೇ ಮೇಜಿನ ಮೇಲೆ ಕೊಡಬೇಕು ಎಂಬುದು ಅಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಅಮೆರಿಕದ ಸೋಂಕುರೋಗ ತಜ್ಞರಲ್ಲಿ ಕೆಲವರು ವ್ಯಸನ ವೈದ್ಯಕೀಯದಲ್ಲೂ ಪರಿಣತಿ ಪಡೆಯತೊಡಗಿರುವುದರ ಹಿಂದೆ ಇಂಥ ಅನುಭವಗಳಿವೆ.

ನಮ್ಮಲ್ಲಿ ಸೋಂಕುರೋಗಕ್ಕೂ ವ್ಯಸನ ಮನೋವೈದ್ಯಕ್ಕೂ ಬೇರೆ ಬೇರೆ ಡಿ.ಎಂ. ಪದವಿಗಳಿವೆ. ಒಂದೇ ತಲೆಯಲ್ಲಿ ಎರಡೂ ಇರುವವರನ್ನು ತಾಲ್ಲೂಕಿಗೆ ಒಬ್ಬರಂತೆ ತರುವುದು ಸದ್ಯಕ್ಕೆ ಹಗಲುಗನಸು. ವ್ಯವಸ್ಥೆ ಹೇಗಿದೆ ಎಂದರೆ, ಕ್ಷಯದ ಮಾತ್ರೆ ದಿನವೂ ನುಂಗಬೇಕು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಆಶಾ ಕಾರ್ಯಕರ್ತೆ ಕ್ಷಯರೋಗಿಯ ಮನೆಗೆ ಹೋಗುತ್ತಾರೆ, ಅವನ ಕುಡಿತವನ್ನು ಕಣ್ಣಾರೆ ನೋಡುತ್ತಾರೆ, ಅದಕ್ಕೆ ಮಾಡಬೇಕಾದದ್ದೇನೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತ್ತು.

ತಜ್ಞರಿಲ್ಲದೆ ಏನಾದರೂ ಸಾಧ್ಯವೇ? ಗೋವಾದಲ್ಲಿ ವಿಕ್ರಂ ಪಟೇಲ್, ಅಭಿಜಿತ್ ನಾಡಕರ್ಣಿ ಅವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಹಾನಿಯಾಗುವಷ್ಟು ಕುಡಿಯುವ ಗಂಡಸರೊಂದಿಗೆ ನಾಲ್ಕು ಬಾರಿಯವರೆಗೆ ಮಾತನಾಡಿಸಿತು. ಬೈಯುವುದಿಲ್ಲ, ಆಣೆ ಹಾಕಿಸುವುದಿಲ್ಲ. ಯಾವಾಗ, ಯಾರ ಜೊತೆ, ಏಕೆ ಕುಡಿಯುತ್ತಾನೆ ಎಂದು ಅವನೇ ಲೆಕ್ಕ ಹಾಕುವಂತೆ ಮಾಡುವುದು. ಮೂರು ತಿಂಗಳ ನಂತರ ಈ ಮಾತುಕತೆ ಸಿಕ್ಕವರಲ್ಲಿ ಶೇಕಡ 36 ಮಂದಿ ಅಪಾಯದ ಗೆರೆಯಿಂದ ಕೆಳಗಿಳಿದಿದ್ದರು. ಮಾಮೂಲಿ ಚಿಕಿತ್ಸೆಯವರಲ್ಲಿ ಶೇಕಡ 26. ಪವಾಡವಲ್ಲ, ಆದರೆ ಹತ್ತು ಮಂದಿಯಲ್ಲಿ ಒಬ್ಬರು ಹೆಚ್ಚು.

ಹಾಗೆಂದು ಎಲ್ಲವೂ ಸಲೀಸಲ್ಲ. ರಷ್ಯಾದ ತೋಮ್ಸ್ಕ್‌ನಲ್ಲಿ ಕುಡಿತವಿದ್ದ ಕ್ಷಯರೋಗಿಗಳಿಗೆ ಕ್ಷಯ ಚಿಕಿತ್ಸೆಯ ಜೊತೆಯಲ್ಲೇ ನಾಲ್ಟ್ರೆಕ್ಸೋನ್ ಎಂಬ ಕುಡಿತ ತಗ್ಗಿಸುವ ಮಾತ್ರೆಯನ್ನೂ ಸಣ್ಣ ಸಲಹೆಯನ್ನೂ ಕೊಟ್ಟು ನೋಡಿದರು. ಒಟ್ಟಾರೆ ಕ್ಷಯದ ಫಲಿತಾಂಶವೂ ಸುಧಾರಿಸಲಿಲ್ಲ, ಕುಡಿತವೂ ತಗ್ಗಲಿಲ್ಲ. ಹಿಂದೆ ಬಿಡಲು ಪ್ರಯತ್ನಿಸಿದ್ದವರಿಗೆ ಮಾತ್ರ ನಾಲ್ಟ್ರೆಕ್ಸೋನ್ ಸ್ವಲ್ಪ ನೆರವಾದಂತೆ ಕಂಡಿತು. ಎರಡು ಮಾತ್ರೆಗಳನ್ನು ಒಂದೇ ಕೈಯಲ್ಲಿ ಕೊಟ್ಟ ಮಾತ್ರಕ್ಕೆ ಅದು ಒಂದಾದ ಚಿಕಿತ್ಸೆಯಾಗುವುದಿಲ್ಲ. ಬಿಡಬೇಕೆಂಬ ತಯಾರಿ ಯಾರಲ್ಲಿದೆ ಎಂದು ಗುರುತಿಸಬಲ್ಲ ಕಣ್ಣು ಬೇಕು, ಅದು ಕಲಿತು ಬರುವಂಥದ್ದು.

ಆ ಕಲಿಕೆಯನ್ನು ತಾಲ್ಲೂಕಿಗೆ ತಲುಪಿಸುವ ಒಂದು ದಾರಿ ಸೋಂಕುರೋಗದ ಕಡೆಯಿಂದಲೇ ಬಂತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಎಂಬ ಭಾರತ ಮೂಲದ ಯಕೃತ್ ತಜ್ಞರು 2003ರಲ್ಲಿ ಎಕೋ ಎಂಬ ಪದ್ಧತಿ ಶುರುಮಾಡಿದರು. ಹೆಪಟೈಟಿಸ್ ಸಿ ರೋಗಿಗಳು ತಮ್ಮನ್ನು ನೋಡಲು ತಿಂಗಳುಗಟ್ಟಲೆ ಕಾಯುತ್ತಿದ್ದುದರಿಂದ, ಅರೋರಾ ವಾರವಾರವೂ ವಿಡಿಯೋದಲ್ಲಿ ಹಳ್ಳಿಗಾಡಿನ ವೈದ್ಯರನ್ನು ಕೂಡಿಸಿದರು. ಪ್ರತಿಯೊಬ್ಬರೂ ತಮ್ಮ ರೋಗಿಯ ವಿವರ ಮುಂದಿಡುತ್ತಾರೆ, ತಜ್ಞರೂ ಉಳಿದ ವೈದ್ಯರೂ ಸೇರಿ ಚರ್ಚಿಸುತ್ತಾರೆ. 2011ರಲ್ಲಿ ಲೆಕ್ಕ ಹಾಕಿದಾಗ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶೇಕಡ 57.5, ಹಳ್ಳಿಯ ವೈದ್ಯರಲ್ಲಿ ಶೇಕಡ 58.2 ಮಂದಿ ಗುಣವಾಗಿದ್ದರು. ಈ ಪದ್ಧತಿಯನ್ನು ನಿಮ್ಹಾನ್ಸಿನ ಪ್ರಭಾತ್ ಚಂದ್ ಮತ್ತು ಸಂಗಡಿಗರು ಸುಮಾರು 2014ರಿಂದ ವ್ಯಸನ ಚಿಕಿತ್ಸೆಗೆ ಬಳಸಿಕೊಂಡು ದೂರದ ವೈದ್ಯರಿಗೆ ಕಲಿಸುತ್ತ ಬಂದಿದ್ದಾರೆ. ಯಕೃತ್ತಿನ ಸೋಂಕಿಗೆ ಹುಟ್ಟಿದ ಕಲಿಕೆಯ ದಾರಿ ಕುಡಿತದ ಚಿಕಿತ್ಸೆಗೆ ಒದಗಿಬಂತು. ರಾತ್ರಿ ಹೊತ್ತು ಯಾರನ್ನಾದರೂ ಕೇಳಬೇಕೆನ್ನುವ ಮನೆಯವರಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ, ಕನ್ನಡದಲ್ಲೇ ಮಾತನಾಡುತ್ತಾರೆ.

ಮಾಗಡಿಯ ತಾಲ್ಲೂಕು ವೈದ್ಯರೊಬ್ಬರು ಅಂಥ ವಿಡಿಯೋ ಸಭೆಯಲ್ಲಿ ಕೂತು ಕೇಳಬಹುದಾದ ಪ್ರಶ್ನೆಗಳು ಯಾವ ಒಂದು ಪದವಿಗೂ ಸೇರಿದವಲ್ಲ: ಕಾಮಾಲೆ ಇಳಿದಿದೆ, ಕುಡಿತ ನಿಂತು ಎರಡು ವಾರವಾಯಿತು, ಕ್ಷಯದ ಯಾವ ಮಾತ್ರೆಯನ್ನು ಮೊದಲು ಮತ್ತೆ ಶುರುಮಾಡಲಿ? ರಿಫಾಂಪಿಸಿನ್ ಕೊಟ್ಟರೆ ಬುಪ್ರೆನಾರ್ಫಿನ್ ಎಷ್ಟು ಏರಿಸಲಿ? ಉತ್ತರ ಸಿಗುತ್ತದೆ. ಮೂರನೇ ರಾತ್ರಿ ಎರಡು ಗಂಟೆಗೆ ರೋಗಿ ಡ್ರಿಪ್ ಕಿತ್ತು ಎದ್ದಾಗ ವಾರ್ಡಿನಲ್ಲಿರುವುದು ಒಬ್ಬ ನರ್ಸ್ ಮತ್ತು ಔಷಧದ ಕಪಾಟು. ಆ ಕಪಾಟಿನಲ್ಲಿ ಲೋರಾಜೆಪಾಮೂ ಬಿ1 ಇಂಜೆಕ್ಷನ್ನೂ ಇರಬೇಕು, ಸಂಜೆ ಸೇರಿಸಿಕೊಂಡಾಗಲೇ "ದಿನಾ ಎಷ್ಟು ಹಾಕ್ತೀರಾ, ಕೊನೇ ಸಲ ಯಾವಾಗ?" ಎಂದು ಕೇಳಿ ಕೇಸ್ ಶೀಟಿನ ಮೇಲೆ ಬರೆದಿರಬೇಕು.